ಬೀಡಿ ಬಿಡಿಸುವ ಮೊದಲು ಡಾಕ್ಟರಿಗೆ ಹೇಳಿ

ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆ ಇದ್ದವರೂ ಬೀಡಿ-ಸಿಗರೇಟು ಬಿಡಬಲ್ಲರು ಎಂದು ಲೇಖನವೊಂದರಲ್ಲಿ ಓದಿದೆ, ಅದು ಖರೆ. ಆದರೆ ಮನೆಯವರಿಗೆ ಗೊತ್ತಿರಲೇಬೇಕಾದ ಸಂಗತಿಯೊಂದು ಅದರಲ್ಲಿ ಬಿಟ್ಟುಹೋಗಿದೆ. ಹೊಗೆಯಲ್ಲಿರುವ ರಾಸಾಯನಿಕಗಳು ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡಿ ಈ ಕಾಯಿಲೆಗೆ ಕೊಡುವ ಕ್ಲೋಜಪೀನ್, ಓಲಾಂಜಪೀನ್ ಔಷಧಗಳನ್ನು ಬೇಗ ಖರ್ಚು ಮಾಡಿಬಿಡುತ್ತವೆ. ಇದು ನಿಕೋಟಿನ್ ಮಾಡುವ ಕೆಲಸವಲ್ಲ, ಹಾಗಾಗಿ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಚ್ಚಿಕೊಂಡು ಬಿಟ್ಟರೂ ಇದೇ ಕಥೆ: ಸೇದುವುದು ನಿಂತ ಕೆಲವೇ ದಿನಗಳಲ್ಲಿ ಅದೇ ಡೋಸ್‌ಗೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ.

ನಮ್ಮ ತಮ್ಮ ಬೀಡಿ ಬಿಟ್ಟಾಗ ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದ, ಬೆಳಗಾದರೆ ದಿಂಬೆಲ್ಲ ಜೊಲ್ಲಿನಿಂದ ತೊಯ್ದಿರುತ್ತಿತ್ತು. ರೋಗ ತಿರುಗಿ ಬಂತೆಂದು ಅವ್ವ ಅಳುತ್ತಿದ್ದಳು. ಡಾಕ್ಟರು ಕ್ಲೋಜಪೀನ್ ಇಳಿಸಿದ ಮೇಲೆ ಆರಾಮಾದ.

“ಪಾಪ, ಅವನಿಗೆ ಅದೊಂದೇ ಸುಖ, ಸೇದಲಿ ಬಿಡ್ರಿ” ಎನ್ನುವವರ ಮಾತು ಕೇಳಬೇಡಿ. ಕಾಯಿಲೆ ಇದ್ದವರ ಹೃದಯ, ಶ್ವಾಸಕೋಶಗಳೂ ಎಲ್ಲರವಷ್ಟೇ ಬೆಲೆಯುಳ್ಳವು. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈಗಲ್ಸ್ ಅಧ್ಯಯನದಲ್ಲಿ, ಮಾನಸಿಕ ಕಾಯಿಲೆ ಇದ್ದವರಲ್ಲೂ ಸೇದುವ ಚಟ ಬಿಡಿಸಲು ಕೊಡುವ ವರೆನಿಕ್ಲಿನ್ ಅಥವಾ ನಿಕೋಟಿನ್ ಪ್ಯಾಚ್‌ನಿಂದ ಮಾನಸಿಕ ತೊಂದರೆ ಗಮನಾರ್ಹವಾಗಿ ಹೆಚ್ಚಲಿಲ್ಲ.

ಕಾಯಿಲೆಯ ಮಾತ್ರೆಯನ್ನು ಮಾತ್ರ ನೀವೇ ಕಡಿಮೆ ಮಾಡಬೇಡಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಾಗಲಿ, ನೀವು ತೋರಿಸುವ ಡಾಕ್ಟರ ಹತ್ತಿರವಾಗಲಿ ಮೊದಲೇ ಕೇಳಿ. ಮತ್ತೆ ಸೇದಲು ಹತ್ತಿದರೂ ಮುಚ್ಚಿಡದೆ ಹೇಳಿ, ಆಗ ಇಳಿಸಿದ ಡೋಸ್ ಸಾಲುವುದಿಲ್ಲ.