ಸ್ಪಷ್ಟನೆ: "ಕಂಪ್ಯೂಟರ್ ಆರಿಸಿದರೆ ಭೇದ ಆಗಲ್ಲ" ಎಂಬ ಮೆಸೇಜ್ ಸರಿಯಲ್ಲ

ಮಂಡ್ಯದ ಕೆಲವು ಮಹಿಳಾ ಸಂಘಗಳ ವಾಟ್ಸಾಪ್ ಗ್ರೂಪುಗಳಲ್ಲಿ ಹೀಗೊಂದು ಮೆಸೇಜ್ ಓಡಾಡುತ್ತಿದೆ: "ಸಾಲ ಯಾರಿಗೆ ಅಂತ ಕಂಪ್ಯೂಟರೇ ಆರಿಸಲಿ. ಅದು ಜಾತಿ ಕೇಳಲ್ಲ, ಗಂಡು-ಹೆಣ್ಣು ಕೇಳಲ್ಲ, ಭೇದ ಆಗೋದೇ ಇಲ್ಲ." ಈ ಕೊನೆಯ ಮಾತು ತಪ್ಪು.

ಇಂಥ ಪ್ರೋಗ್ರಾಂಗಳು ಹಳೆಯ ದಾಖಲೆ ನೋಡಿ ಕಲಿಯುತ್ತವೆ. ಹಿಂದೆ ಭೇದ ಆಗಿದ್ದರೆ ಅದನ್ನೂ ಕಲಿಯುತ್ತವೆ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳಿಗೆ ಅಂಕ ಕೊಡಲು ಒಂದು ಪ್ರೋಗ್ರಾಂ ಮಾಡಿಸಿತ್ತು. ಅದು ಕಲಿತದ್ದು 10 ವರ್ಷದ ಅರ್ಜಿಗಳಿಂದ, ಹೆಚ್ಚಿನವು ಗಂಡಸರವು. ಮಹಿಳಾ ಚೆಸ್ ಕ್ಲಬ್ ಎಂದು ಬರೆದಿದ್ದರೂ ಅಂಕ ಕಡಿಮೆಯಾಗುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟಿದ್ದನ್ನು 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು.

ನಮ್ಮಲ್ಲೇ ನೋಡಿ. ಹೆಣ್ಣೋ ಗಂಡೋ ಕೇಳದೆ, ಪಹಣಿ ಯಾರ ಹೆಸರಲ್ಲಿದೆ ಅಂತ ಮಾತ್ರ ಕೇಳಿದರು ಅಂದುಕೊಳ್ಳಿ. ಕಬ್ಬಿನ ಗದ್ದೆಯಲ್ಲಿ ದುಡಿಯುವವಳು ಹೆಂಡತಿ, ಪಹಣಿ ಗಂಡನದ್ದೋ ಮಾವನದ್ದೋ ಹೆಸರಲ್ಲಿ. ಅಂಕ ಯಾರಿಗೆ ಕಮ್ಮಿ ಬರುತ್ತದೆ? ನನ್ನ ಚಿಂತೆ ಇದೇ. ಸಂಘದ ಸಭೆಯಲ್ಲಾದರೆ "ನನಗ್ಯಾಕೆ ಇಲ್ಲ?" ಅಂತ ಎದ್ದು ಕೇಳಬಹುದು, ಅಲ್ವಾ?

ಕಂಪ್ಯೂಟರ್ ಬೇಡವೇ ಬೇಡ ಅಂತಲ್ಲ. ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ತಿಳಿಸಬೇಕು, ತಕರಾರು ಕೇಳಲು ಒಬ್ಬ ಮನುಷ್ಯರು ಇರಬೇಕು. ಆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಕಳಿಸಿ.