ಸ್ಪೋರ್ಟಾ, ಅಡಾಪ್ಟಿವಾ? ಮೊದಲು ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸು

ಮೊನ್ನೆ ರಾತ್ರಿ ಮೈದುನನ ಫೋನು. ಕೊಡಗಿನ ಸಿದ್ದಾಪುರದ ಕಡೆ ತೋಟ ನೋಡಿಕೊಂಡಿರುವವನು. ರೋಬಸ್ಟಾಗೆ ಅಪರೂಪಕ್ಕೆ ಒಳ್ಳೆ ಬೆಲೆ ಬಂದಿದ್ದೇ ಬಂದಿದ್ದು, ನಮ್ಮೂರಲ್ಲಿ ಕಣದಿಂದ ಕಾಫಿ ಎತ್ತುವ ಮೊದಲೇ ಗಾಡಿ ಬುಕ್ ಆಗುತ್ತಿದೆ. ಎಲ್ಲರೂ ಎತ್ತರದ ಗಾಡಿ ತಗೊಂಡರೆ ಇವನಿಗೆ ಸೆಡಾನೇ ಬೇಕು, ಅದೂ ಜರ್ಮನ್ನು. "ಅತ್ತಿಗೆ, ಗಾಡಿ ಫೈನಲ್ಲು, ಬಣ್ಣನೂ ಫೈನಲ್ಲು. ಒಂದೇ ಡೌಟು. ಸ್ಪೋರ್ಟ್ ಸಸ್ಪೆನ್ಷನ್ ಇರೋದು ತಗೊಳ್ಲಾ, ಅಡಾಪ್ಟಿವ್ ಇರೋದಾ? ಅಣ್ಣನ್ನ ಕೇಳಿದ್ರೆ ನಿಮ್ಮನ್ನ ಕೇಳು ಅಂದ."

ಅವನ ಅಣ್ಣ ಹಾಗೆ ಅನ್ನುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಜೀಪು ಇವರದ್ದು, ಕಾರು ನನ್ನದು. ಆರು ವರ್ಷದ ಹಿಂದೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದ ಗಾಡಿ, ಅಡಾಪ್ಟಿವ್ ಇರುವುದೇ. ಅಂದು ಅದಕ್ಕಾಗಿ ತಗೊಂಡಿದ್ದಲ್ಲ, ಇತ್ತು, ಬಂತು. ಅತ್ತೆಯನ್ನು ತಿಂಗಳಿಗೊಮ್ಮೆ ಮೈಸೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಸುಳ್ಯದ ನನ್ನ ತವರಿಗೆ ಇಳಿಯುವುದು, ಶುಕ್ರವಾರ ಮಡಿಕೇರಿ ಸಂತೆ, ಇಷ್ಟೇ ಅದರ ಓಡಾಟ. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದಲಿ, ಇದೇ ಗೊಂದಲದಲ್ಲಿರುವ ಬೇರೆಯವರೂ ಓದಲಿ.

ಮೊದಲು ಒಂದು ವಿಷಯ. ಸಸ್ಪೆನ್ಷನ್ ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರ್ ಕೆಲಸ ಬೇರೆ: ಕುಣಿಯಲು ಹೊರಟ ಸ್ಪ್ರಿಂಗನ್ನು ಹಿಡಿದು ಸುಮ್ಮನಾಗಿಸುವುದು. ಕೊಳವೆಯ ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ಸಣ್ಣ ತೂತಿರುವ ಪಿಸ್ಟನ್. ತೂತಿನಲ್ಲಿ ಎಣ್ಣೆ ನುಸುಳಲು ತಿಣುಕಿದಷ್ಟೂ ಗಾಡಿ ಬಿಗಿ. ಫಿಕ್ಸೆಡ್ ಸ್ಪೋರ್ಟ್ ಅಂದರೆ ಬಿಗಿ ಸ್ಪ್ರಿಂಗು, ಬಿಗಿ ಶಾಕು, ಗಾಡಿ ಒಂದಿಷ್ಟು ತಗ್ಗು, ಆ ಬಿಗಿತನ ಫ್ಯಾಕ್ಟರಿಯಲ್ಲೇ ತೀರ್ಮಾನ. ಅಡಾಪ್ಟಿವ್‌ನಲ್ಲಿ ಎಣ್ಣೆಯ ದಾರಿಗೆ ಕರೆಂಟಿನ ವಾಲ್ವು. ಚಕ್ರ ಎಷ್ಟು ಮೇಲೆ ಕೆಳಗೆ ಹೋಯಿತು, ಸ್ಟಿಯರಿಂಗ್ ಎಷ್ಟು ತಿರುಗಿತು ಎಂದು ಸೆನ್ಸರ್‌ಗಳು ಹೇಳುತ್ತವೆ, ಕಂಪ್ಯೂಟರ್ ನಾವು ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ವಾಲ್ವನ್ನು ಬಿಗಿ ಸಡಿಲ ಮಾಡುತ್ತದೆ. ವಾಲ್ವೇ ಇಲ್ಲದೆ ಎಣ್ಣೆಗೆ ಕಬ್ಬಿಣದ ಕಣ ಬೆರೆಸಿ, ಅಯಸ್ಕಾಂತದಿಂದ ಆ ಎಣ್ಣೆಯನ್ನೇ ಗಟ್ಟಿ ಮಾಡುವ ಜಾತಿಯೂ ಇದೆ. 2002ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಮೊದಲು ಬಂತು.

ಅಡಾಪ್ಟಿವ್ ಗಾಡಿಯಲ್ಲಿ ಮೆತ್ತಗೆ ಬೇಕಾದರೆ ಕಂಫರ್ಟ್, ಬಿಗಿ ಬೇಕಾದರೆ ಸ್ಪೋರ್ಟ್ ಅಂತ ಆರಿಸಲು ಗುಂಡಿ ಇರುತ್ತದೆ. ಗಮನಿಸಿ, ಆ ಗುಂಡಿ ಒತ್ತಿದರೆ ಬದಲಾಗುವುದು ಶಾಕು ಮಾತ್ರ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿಚೀಲ) ಇಲ್ಲದ ಗಾಡಿಯಲ್ಲಿ ಸ್ಪ್ರಿಂಗು ಹಾಗೇ ಇರುತ್ತದೆ, ಎತ್ತರವೂ ಹಾಗೇ. "ಕಂಫರ್ಟ್‌ಗೆ ಹಾಕಿದ್ರೆ ರೋಡ್ ಹಂಪಿಗೆ ಗಾಡಿ ಹೊಟ್ಟೆ ತಾಗಲ್ಲ ಅಲ್ವಾ" ಅಂತ ಕೇಳಿದ ಮೈದುನ. ತಾಗುತ್ತೆ ಮಾರಾಯ. ಬಿಎಂಡಬ್ಲ್ಯು 3 ಸೀರೀಸ್‌ನ 2019ರಲ್ಲಿ ಬಂದ ತಲೆಮಾರನ್ನೇ ತಗೊಳ್ಳಿ, ಕಂಪನಿಯ ಲೆಕ್ಕದಲ್ಲಿ ಸಾದಾ ಸಸ್ಪೆನ್ಷನ್‌ಗಿಂತ ಸ್ಪೋರ್ಟ್ ಸಸ್ಪೆನ್ಷನ್ನೂ 10 ಮಿಲಿಮೀಟರ್ ತಗ್ಗು, ಅಡಾಪ್ಟಿವ್ವೂ 10 ಮಿಲಿಮೀಟರ್ ತಗ್ಗು. ಹಂಪು ಯಾವ ಗುಂಡಿಗೂ ಕ್ಯಾರೇ ಅನ್ನುವುದಿಲ್ಲ. ಓರೆಯಾಗಿ ಹತ್ತಿಸಿ ಓರೆಯಾಗಿ ಇಳಿಸಬೇಕು, ಅಷ್ಟೇ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ಒಂದೇ ಗಾಡಿಯನ್ನು ಎರಡೂ ಥರ ಓಡಿಸಿದವರು ಕಡಿಮೆ. ನನಗೆ ಆ ಭಾಗ್ಯ ಇಲಿಯಿಂದ ಬಂತು.

ಮೂರು ವರ್ಷದ ಹಿಂದಿನ ಜುಲೈ. ಮಳೆ ಬಿಡದೆ ಹಿಡಿದಿತ್ತು, ಗಾಡಿ ಒಂದು ವಾರ ಶೆಡ್ಡಿನಲ್ಲೇ. ತೋಟದ ಶೆಡ್ಡಿನಲ್ಲಿ ಬೆಚ್ಚಗಿರುವ ಜಾಗ ಅಂದರೆ ಗಾಡಿಯ ಬಾನೆಟ್ಟು ಅಂತ ಇಲಿಗಳಿಗೆ ಗೊತ್ತು. ಎಂಟನೇ ದಿನ ಸ್ಟಾರ್ಟ್ ಮಾಡಿದರೆ ಮೀಟರಿನಲ್ಲಿ ಹಳದಿ ಬಣ್ಣದ ಗಾಡಿ ಚಿತ್ರ, ಸಸ್ಪೆನ್ಷನ್ ನೋಡಿಸಿ ಅಂತ ಬರಹ. ಗೇಟು ದಾಟುವುದರೊಳಗೆ ಗೊತ್ತಾಯಿತು, ಗಾಡಿ ಕಲ್ಲಾಗಿದೆ. ಕರೆಂಟು ತಪ್ಪಿದರೆ ನಮ್ಮ ಗಾಡಿಯ ಶಾಕುಗಳು ಬಿಗಿಯ ಕಡೆಗೇ ನಿಂತುಬಿಡುತ್ತವೆ. ಮೆತ್ತಗೆ ನಿಂತರೆ ಸ್ಪೀಡಿನಲ್ಲಿ ಗಾಡಿ ಅಳ್ಳಾಡೀತು ಅನ್ನುವ ಕಾರಣಕ್ಕೆ ಹಾಗೆ ಮಾಡಿರುತ್ತಾರೆ. ಸರ್ವೀಸಿಗೆ ದಿನ ಸಿಕ್ಕಿದ್ದು ಇಪ್ಪತ್ತು ದಿನದ ನಂತರ. ಹಾಗಾಗಿ ಇಪ್ಪತ್ತು ದಿನ ನಾನು ಓಡಿಸಿದ್ದು ಹೆಚ್ಚುಕಡಿಮೆ ಒಂದು ಫಿಕ್ಸೆಡ್ ಸ್ಪೋರ್ಟ್ ಗಾಡಿ.

ಮನೆಯಿಂದ ಮಾದಾಪುರ ರಸ್ತೆಗೆ ಬರುವ ದಾರಿ ಒಂದೂವರೆ ಕಿಲೋಮೀಟರ್, ಅರ್ಧ ಕಾಂಕ್ರೀಟು, ಅರ್ಧ ಮಣ್ಣು ಕಲ್ಲು. ಕಾಂಕ್ರೀಟು ಹಾಕಿದವರು ಜಾರದಿರಲಿ ಅಂತ ಅಡ್ಡಡ್ಡ ಗೀರು ಎಳೆದಿದ್ದಾರೆ. ಕಂಫರ್ಟ್‌ನಲ್ಲಿ ಆ ಗೀರು ಇರುವುದೇ ನನಗೆ ಗೊತ್ತಿರಲಿಲ್ಲ. ಈಗ ಒಂದೊಂದನ್ನೂ ಎಣಿಸಬಹುದಿತ್ತು. ಹಿಂದೆ ಅತ್ತೆ ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಮಾತೇ ಇಲ್ಲ. ಸುಂಟಿಕೊಪ್ಪ ಬಂದ ಮೇಲೆ ಬಾಯಿ ಬಿಟ್ಟರು: "ಇದಕ್ಕಿಂತ ನಮ್ಮ ಜೀಪೇ ವಾಸಿ ಕಣೇ. ಅದು ಕುಲುಕುತ್ತೆ. ಇದು ಕುಟ್ಟುತ್ತೆ."

ಕುಲುಕುವುದು, ಕುಟ್ಟುವುದು. ಕಾರು ವಿಮರ್ಶೆ ಬರೆಯುವವರು ಪುಟಗಟ್ಟಲೆ ಬರೆದರೂ ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಓದಿಲ್ಲ. ಗಾಡಿಯ ಮೈ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತದೆ. ಅದು ಕುಲುಕು. ನಾವು ನಡೆಯುವಾಗ ಮೈ ಆಡುವ ಲಯಕ್ಕೆ ಹತ್ತಿರ, ಆದ್ದರಿಂದ ದೇಹಕ್ಕೆ ಒಗ್ಗುತ್ತದೆ. ಚಕ್ರ ತಾನೇ ಅದುರುವುದು ಸೆಕೆಂಡಿಗೆ ಹತ್ತು ಹದಿನೈದು ಸಲ. ಅದನ್ನು ಸಸ್ಪೆನ್ಷನ್ ನುಂಗಿಕೊಳ್ಳದೆ ಸೀಟಿಗೆ ದಾಟಿಸಿದರೆ ಕುಟ್ಟು. ತೇಪೆ ಹಾಕಿದ ರಸ್ತೆಯಲ್ಲಿ ನಲವತ್ತರ ಸ್ಪೀಡಿನಲ್ಲಿ ಬಿಗಿ ಶಾಕು ಮಾಡುವುದು ಅದನ್ನೇ. ಕುಶಾಲನಗರ ದಾಟಿ, ಪಿರಿಯಾಪಟ್ಟಣ, ಹುಣಸೂರು ಕಡೆ ಎಂಬತ್ತು ತೊಂಬತ್ತರಲ್ಲಿ ಹೋಗುವಾಗ ಅದೇ ಬಿಗಿ ಗಾಡಿ ರಸ್ತೆಗೆ ಅಂಟಿಕೊಂಡು ಚೆನ್ನಾಗಿಯೇ ಓಡಿತು. ಮೈಸೂರು ರಸ್ತೆಯಲ್ಲೇ ಟೆಸ್ಟ್ ಡ್ರೈವ್ ಮಾಡಿದವರಿಗೆ ಸ್ಪೋರ್ಟ್ ಇಷ್ಟ ಆಗುವುದು ಸಹಜ.

ಇಲ್ಲಿಗೆ ಕಥೆ ಮುಗಿದಿದ್ದರೆ ಅಡಾಪ್ಟಿವ್ ತಗೋ, ಕಂಫರ್ಟ್‌ಗೆ ಹಾಕಿ ಮರೆತುಬಿಡು ಅಂತ ಒಂದೇ ಸಾಲು ಬರೆಯುತ್ತಿದ್ದೆ. ಆದರೆ ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವ ಸಂಪಾಜೆ ಘಾಟಿ ಇದೆಯಲ್ಲ.

ಅತ್ತೆಗೆ ಘಾಟಿಯಲ್ಲಿ ವಾಂತಿ. ಮದೆನಾಡು ದಾಟುವಾಗ ನಿಂಬೆಹಣ್ಣು ಮೂಗಿಗೆ ಬರುತ್ತದೆ, ಜೋಡುಪಾಲದಲ್ಲಿ ಕಿಟಕಿ ಇಳಿಯುತ್ತದೆ, ಕೊಯನಾಡಿನ ಒಳಗೆ ಎಲ್ಲೋ ಒಂದು ಕಡೆ ಗಾಡಿ ನಿಲ್ಲಿಸಬೇಕು. ನಾನು ಅದು ಅವರ ವಯಸ್ಸಿನ ತೊಂದರೆ ಅಂದುಕೊಂಡಿದ್ದೆ. ಆ ಇಪ್ಪತ್ತು ದಿನದಲ್ಲಿ ಒಮ್ಮೆ ತವರಿನಲ್ಲಿ ಗೃಹಪ್ರವೇಶ, ಹೋಗದೆ ವಿಧಿಯಿಲ್ಲ. ಕಲ್ಲಾದ ಗಾಡಿಯಲ್ಲೇ ಇಳಿದೆವು. ಅತ್ತೆ ಸೊಂಟ ಸೊಂಟ ಅನ್ನುತ್ತಲೇ ಇದ್ದರು, ಆದರೆ ಸುಳ್ಯದವರೆಗೆ ವಾಂತಿ ಮಾಡಲಿಲ್ಲ. ಹಿಂದೆ ಬರುವಾಗಲೂ ಇಲ್ಲ. ನಿಂಬೆಹಣ್ಣು ಚೀಲದಲ್ಲೇ ಬಾಡಿತು.

ಯಾಕೆ ಅಂತ ಹುಡುಕಿ ಓದಿದೆ. ಹೊಟ್ಟೆ ತೊಳಸುವುದು ಕುಟ್ಟಿಗಲ್ಲ, ಕುಲುಕಿಗೂ ಅಲ್ಲ, ಅದಕ್ಕಿಂತ ನಿಧಾನದ ತೂಗಾಟಕ್ಕೆ. ಐದು ಸೆಕೆಂಡಿಗೆ ಒಂದು ಸಲದಂತೆ ಬರುವ ತೂಗಾಟ ಅತಿ ಕೆಟ್ಟದ್ದು, ಹಡಗಿನಲ್ಲಿ ಆಗುವಂಥದ್ದು. ಘಾಟಿಯ ತಿರುವುಗಳು ತಾವೇ ಅಂಥ ತೂಗಾಟ ಕೊಡುತ್ತವೆ. ಎಡ ತಿರುವಿನಿಂದ ಬಲ ತಿರುವಿಗೆ ಹೊರಳುವಾಗ ಮೆತ್ತಗಿನ ಶಾಕು ಗಾಡಿಯ ಮೈಯನ್ನು ಬೇಗ ಹಿಡಿಯದೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಕುಸಿದು, ಮತ್ತೆ ಕಟ್ಟಿದ ಜಾಗಗಳಲ್ಲಿ ರಸ್ತೆಯೇ ತೊಟ್ಟಿಲಿನ ಥರ ತಗ್ಗಿ ಏಳುತ್ತದೆ. ಅಲ್ಲಿ ಕಂಫರ್ಟ್ ಮೋಡ್ ಅಂದರೆ ದೋಣಿಯೇ. ಈಗ ನಾನು ಮಡಿಕೇರಿ ದಾಟಿದ ಕೂಡಲೇ ಸ್ಪೋರ್ಟ್ ಒತ್ತುತ್ತೇನೆ, ಬ್ರೇಕು ಮೆತ್ತಗೆ ಹಿಡಿಯುತ್ತೇನೆ. ಅತ್ತೆಗೆ ಮೊದಲಿನಷ್ಟು ಆಗುವುದಿಲ್ಲ. ಸಂಪಾಜೆ ಗೇಟು ದಾಟಿದ ಮೇಲೆ ಮತ್ತೆ ಕಂಫರ್ಟ್.

ಆದ್ದರಿಂದ ನನ್ನ ಅಭಿಪ್ರಾಯ ಇದು: ಬೆಂಗಳೂರಿನವರಿಗೆ ಅಡಾಪ್ಟಿವ್ ಶೋಕಿ ಇರಬಹುದು, ಕೊಡಗಿನವರಿಗೆ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಒಂದೇ ಪ್ರಯಾಣದಲ್ಲಿ ತೋಟದ ದಾರಿ, ತೇಪೆಯ ರಸ್ತೆ, ಘಾಟಿ, ಹೈವೇ ಎಲ್ಲ ಬಂದುಹೋಗುತ್ತವೆ. ಒಂದೇ ಹದಕ್ಕೆ ಕಟ್ಟಿದ ಶಾಕು ಯಾವುದೋ ಒಂದಕ್ಕೆ ಸರಿ, ಉಳಿದದ್ದಕ್ಕೆ ಹೇಗೋ. ಫಿಕ್ಸೆಡ್ ಸ್ಪೋರ್ಟ್ ಕೆಟ್ಟದ್ದು ಅನ್ನುತ್ತಿಲ್ಲ. ಒಬ್ಬನೇ ಓಡಿಸುವವನಿಗೆ ಅದರ ನಿಯತ್ತೇ ಬೇರೆ, ಇವತ್ತು ಹೇಗೋ ನಾಳೆಯೂ ಹಾಗೇ, ಕೈ ತಿರುಗಿದ ಕಡೆ ಗಾಡಿ ತಿರುಗುತ್ತೆ. ಆ ಇಪ್ಪತ್ತು ದಿನ ಘಾಟಿ ಹತ್ತುವಾಗ ನನಗೇ ಖುಷಿ ಆಗಿತ್ತು, ಅತ್ತೆಯ ಎದುರು ಹೇಳಲಿಲ್ಲ ಅಷ್ಟೇ.

ಆದರೆ ಮೈದುನ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ: ರಿಮ್ಮು ಎಷ್ಟು ಇಂಚಿಂದು? ಟಯರಿನ ಮೇಲಿನ ನಂಬರು ಓದಿ ನೋಡಿ. 225/50 ಆರ್ 17 ಅಂದರೆ ರಿಮ್ಮು 17 ಇಂಚು, ಟಯರಿನ ಪಕ್ಕದ ಗೋಡೆ ಅಗಲದ (225) ಶೇಕಡಾ 50, ಅಂದರೆ 112 ಮಿಲಿಮೀಟರ್. 255/35 ಆರ್ 19 ಅಂದರೆ 89. ಇಪ್ಪತ್ಮೂರು ಮಿಲಿಮೀಟರ್ ರಬ್ಬರು, ಗಾಳಿ ಹೋಯಿತು, ಆ ಜಾಗಕ್ಕೆ ಲೋಹ ಬಂತು. ತೋಟದ ದಾರಿಯ ಚೂಪು ಕಲ್ಲು ಮೊದಲು ಮುಟ್ಟುವುದು ಟಯರನ್ನು. 19 ಇಂಚಿನ ಅಡಾಪ್ಟಿವ್‌ಗಿಂತ 17 ಇಂಚಿನ ಸಾದಾ ಸಸ್ಪೆನ್ಷನ್ ಅತ್ತೆಯ ಸೊಂಟಕ್ಕೆ ಹಿತ ಅಂತ ನನಗೆ ಗಟ್ಟಿ ನಂಬಿಕೆ. ಶೋರೂಮಿನ ಹುಡುಗರು ಇದನ್ನು ಹೇಳುವುದಿಲ್ಲ, ದೊಡ್ಡ ರಿಮ್ಮು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಇನ್ನೊಂದು, ಗಾಡಿಯ ಹೆಸರಿನಲ್ಲಿ ಸ್ಪೋರ್ಟ್ ಅಂತ ಇದ್ದ ಮಾತ್ರಕ್ಕೆ ಅಡಿಯಲ್ಲಿ ಸ್ಪೋರ್ಟ್ ಸಸ್ಪೆನ್ಷನ್ ಇರಲೇಬೇಕು ಅಂತಿಲ್ಲ. ಬಂಪರು, ಸ್ಟಿಯರಿಂಗು ಮಾತ್ರ ಸ್ಪೋರ್ಟ್ ಆಗಿರಬಹುದು. ಬರೆದುಕೊಡಿ ಅನ್ನಿ.

ರನ್‌ಫ್ಲಾಟ್ ಟಯರಿನ ವಿಷಯದಲ್ಲಿ ಮಾತ್ರ ನಾನು ಇವತ್ತಿಗೂ ಎರಡು ಮನಸ್ಸು. ಅದರ ಗೋಡೆ ಗಟ್ಟಿ, ಕುಟ್ಟು ಜಾಸ್ತಿ, ಬೆಲೆಯೂ ಜಾಸ್ತಿ. ತೆಗೆಸಿ ಮಾಮೂಲಿ ಟಯರ್ ಹಾಕಿಸಿದ ದಿನ ಗಾಡಿ ಹೊಸದಾದ ಹಾಗೆ ಅನ್ನಿಸಿತು. ಆದರೆ ಪಂಕ್ಚರ್ ಆದ ಮೇಲೂ ರನ್‌ಫ್ಲಾಟ್ 80ರ ಸ್ಪೀಡಿನಲ್ಲಿ ಸುಮಾರು 80 ಕಿಲೋಮೀಟರ್ ಓಡುತ್ತದೆ. ತಿತಿಮತಿಯಿಂದ ಆನೆಚೌಕೂರಿನ ಕಡೆ ಕಾಡಿನ ರಸ್ತೆಯಲ್ಲಿ ಸಂಜೆ ಆರೂವರೆಗೆ ಚಕ್ರದ ಗಾಳಿ ಹೋದರೆ ಏನು ಮಾಡುತ್ತೀರಿ? ಇಳಿದು ಜಾಕು ಕೊಡುತ್ತೀರಾ? ನಮ್ಮ ಸುಂಟಿಕೊಪ್ಪದ ತೋಟಗಳಲ್ಲೇ ಸಂಜೆ ಆದ ಮೇಲೆ ಆನೆಗೆ ಹೆದರಿ ಗೇಟಿನಾಚೆ ಯಾರೂ ಕಾಲಿಡುವುದಿಲ್ಲ. ಈ ಒಂದು ಲೆಕ್ಕ ಜರ್ಮನಿಯವರು ಹಾಕಿರಲಾರರು, ಆದರೂ ಅವರ ಟಯರು ನಮ್ಮ ಆನೆಗೆ ಸರಿಯಾಗಿದೆ.

ಇನ್ನು ದುಡ್ಡು. ಇಲಿ ಕಡಿದದ್ದು ಮುಂದಿನ ಎಡ ಶಾಕಿಗೆ ಹೋಗುವ ಒಂದು ವೈರು, ಸರಿಮಾಡಲು ಹೆಚ್ಚೇನೂ ಆಗಲಿಲ್ಲ. ಆದರೆ ಕಳೆದ ವರ್ಷ ಅದೇ ಶಾಕು ಎಣ್ಣೆ ಸೋರಿತು. ಚಕ್ರದ ಹಿಂದೆ ಕೈ ಹಾಕಿದರೆ ಕೆಂಪು ಮಣ್ಣು ಎಣ್ಣೆಯಲ್ಲಿ ಕಲಸಿ ಹಲ್ವದ ಥರ ಮೆತ್ತಿತ್ತು. ಒಂದು ಕಡೆ ಹೋದರೂ ಎರಡೂ ಕಡೆ ಬದಲಿಸಬೇಕು, ಇಲ್ಲದಿದ್ದರೆ ಎಡ ಬಲ ತಾಳ ತಪ್ಪುತ್ತದೆ. ಪಾರ್ಟ್ ಹೊರದೇಶದಿಂದ ಬರಬೇಕು. ಬಿಲ್ಲು ಆರಂಕಿ ಮುಟ್ಟಿತು. ಮಾಮೂಲಿ ಶಾಕು ಆಗಿದ್ದರೆ ಅದರ ಮೂರರಲ್ಲಿ ಒಂದು ಪಾಲೂ ಆಗುತ್ತಿರಲಿಲ್ಲ ಅಂತ ಬಿಲ್ಲು ಕೊಟ್ಟವರೇ ಹೇಳಿದರು, ಬಿಲ್ಲು ಕೊಟ್ಟ ಮೇಲೆ. ಇವರು ಬಿಲ್ಲನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು, "ಕರಿಮೆಣಸಿನ ಒಂದು ವರ್ಷ ಹೋಯ್ತು" ಅಂದರು. ಅಷ್ಟೆಲ್ಲ ಏನೂ ಆಗಿಲ್ಲ, ಇವರದ್ದು ಯಾವಾಗಲೂ ಸ್ವಲ್ಪ ಜಾಸ್ತಿ.

ಹಾಗಾಗಿ ಮೈದುನನಿಗೆ ಹೇಳಿದ್ದು: ಹೊಸ ಗಾಡಿ ತಗೊಳ್ಳುತ್ತಿದ್ದೀಯ, ವಾರಂಟಿ ಎಷ್ಟು ವರ್ಷಕ್ಕೆ ಎಳೆಯಲು ಸಾಧ್ಯವೋ ಅಷ್ಟು ಎಳೆಸು, ಅಡಾಪ್ಟಿವ್ ತಗೋ, ರಿಮ್ಮು ಸಿಗುವುದರಲ್ಲಿ ಚಿಕ್ಕದು ಹಾಕಿಸು. ವಾರಂಟಿ ಮುಗಿಯುವ ಮೊದಲು ನಾಲ್ಕೂ ಶಾಕು ನೋಡಿಸು. ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಅಥವಾ ನನ್ನ ಹಾಗೆ ವಾರಂಟಿ ಮುಗಿದ ಹಳೆ ಗಾಡಿ ನೋಡುತ್ತಿದ್ದರೆ, ಎರಡೂ ಬೇಡ, ಸಾದಾ ಸಸ್ಪೆನ್ಷನ್ ಇರುವುದು ಹುಡುಕು. ಶೆಡ್ಡಿಗೆ ಒಂದು ಬೆಕ್ಕು ಸಾಕು.

"ಟೆಸ್ಟ್ ಡ್ರೈವ್ ಮಾಡಿದೆಯಾ?" ಅಂದೆ. ಮಾಡಿದ್ದಾನೆ, ಮೈಸೂರು ರಿಂಗ್ ರೋಡಿನಲ್ಲಿ, ಸಂಜೆ, ಒಬ್ಬನೇ. ಅದು ಟೆಸ್ಟೇ ಅಲ್ಲ, ಗಾಡಿ ಮೇಲಕ್ಕೆ ತರಿಸು, ಹಿಂದೆ ನಿನ್ನ ಅಮ್ಮನನ್ನು ಕೂರಿಸು ಅಂದೆ. ಶೋರೂಮಿನವರಿಗೆ ಹೇಗೆ ಒಪ್ಪಿಸಿದನೋ, ಗುರುವಾರ ಎರಡು ಗಾಡಿ ಸುಂಟಿಕೊಪ್ಪಕ್ಕೆ ಬರುತ್ತಂತೆ, ಒಂದು ಸ್ಪೋರ್ಟು, ಒಂದು ಅಡಾಪ್ಟಿವ್ವು. ಮಾದಾಪುರ ರಸ್ತೆ, ನಮ್ಮ ತೋಟದ ಕಾಂಕ್ರೀಟು, ಆಮೇಲೆ ಜೋಡುಪಾಲದವರೆಗೆ ಒಂದು ಸುತ್ತು. ವಿಷಯ ತಿಳಿದ ಅತ್ತೆ ಇವತ್ತೇ ನಿಂಬೆಹಣ್ಣು ಕೊಯ್ದು ತಂದಿದ್ದಾರೆ. ಎರಡು. "ಗಾಡಿಗೆ ಒಂದೊಂದು" ಅಂದರು.