ಏರಿನಲ್ಲಿ ಕೇಳುವ ಕಟಕಟ ಸದ್ದು

ವೇಗ ಹೆಚ್ಚಿಸುವಾಗ ಎಂಜಿನ್ನಿನಿಂದ ಬರುವ ಕಟಕಟ ಸದ್ದಿಗೆ ನಾನು ಓದಿದ ಲೇಖನವೊಂದು ಪೆಟ್ರೋಲಿನ ಗುಣಮಟ್ಟವೊಂದನ್ನೇ ಹೊಣೆಯಾಗಿಸಿರುವುದು ಪೂರ್ತಿ ಸರಿಯಲ್ಲ. ನನ್ನ ಹಳೆಯ ಪೆಟ್ರೋಲ್ ಕಾರು ಚಾರ್ಮಾಡಿ ಘಾಟಿಯ ಏರಿನಲ್ಲಿ ಇದೇ ಸದ್ದು ಮಾಡುತ್ತಿದ್ದಾಗ, 91 ಆಕ್ಟೇನ್ (ಪೆಟ್ರೋಲ್ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆ) ಬದಲು 95 ಆಕ್ಟೇನ್ ಪೆಟ್ರೋಲ್ ತುಂಬಿಸಿದರೆ ಸದ್ದು ತಗ್ಗಿತೇ ಹೊರತು ನಿಲ್ಲಲಿಲ್ಲ. ಸಿಲಿಂಡರಿನೊಳಗೆ ಕಟ್ಟಿದ್ದ ಇಂಗಾಲದ ಪದರವು ಒಳಗಿನ ಒತ್ತಡವನ್ನೂ ಶಾಖವನ್ನೂ ಹೆಚ್ಚಿಸಿ, ಪ್ಲಗ್ಗಿನ ಕಿಡಿಯಿಂದ ಹರಡುವ ಉರಿ ತಲುಪುವ ಮೊದಲೇ ಉಳಿದ ಇಂಧನ ತಾನಾಗಿ ಸಿಡಿಯುವಂತೆ ಮಾಡುತ್ತಿತ್ತು. ಅದನ್ನು ತೆಗೆಸಿ, ಕೈಪಿಡಿಯಲ್ಲಿ ಸೂಚಿಸಿದ ಸ್ಪಾರ್ಕ್ ಪ್ಲಗ್ಗನ್ನೇ ಹಾಕಿಸಿದ ಮೇಲೆ ಸದ್ದು ಅಡಗಿತು. ಮೈಲೇಜಿನ ಆಸೆಗೆ ಎಂಜಿನ್ನಿಗೆ ಹೊರೆಯಾಗುವಂತೆ ಐದನೇ ಗೇರಿನಲ್ಲೇ ಏರು ಹತ್ತಿಸುತ್ತಿದ್ದ ನನ್ನ ಅಭ್ಯಾಸದ ಪಾಲೂ ಇತ್ತೆಂದು ಒಪ್ಪಿಕೊಳ್ಳಬೇಕು. ಸೈಲೆನ್ಸರ್ ಕೊಳವೆಯ ಮೇಲಿನ ತಗಡು ಸಡಿಲವಾದರೂ ಹೆಚ್ಚುಕಡಿಮೆ ಇಂತಹುದೇ ಸದ್ದು ಬರುವುದರಿಂದ, ಎಂಜಿನ್ ಬಿಚ್ಚಿಸುವ ಮೊದಲು, ಅದು ತಣ್ಣಗಾದ ಮೇಲೆ, ಆ ತಗಡನ್ನೊಮ್ಮೆ ಅಲುಗಾಡಿಸಿ ನೋಡುವುದು ಒಳ್ಳೆಯದು.